ತುಂಗಭದ್ರೆಯ ಆಚೆಗೊಂದು ಕಾರ್ಡು

ರಾಯಚೂರಿನ ನಮ್ಮ ಮನೆಗೆ ಮೊನ್ನೆ ಫಿನ್ಲೆಂಡಿನಿಂದ ಒಂದು ಕಾರ್ಡು ಬಂತು. ಒಂದು ಬದಿಗೆ ಹಿಮ ಹೊದ್ದ ಮರಗಳು, ಇನ್ನೊಂದು ಬದಿಗೆ ನೀಲಿ ಶಾಯಿಯ ಏಳು ಸಾಲು, ಮೂಲೆಯಲ್ಲಿ ಅರ್ಧವಷ್ಟೇ ಮೂಡಿದ ಠಸ್ಸೆ. ಪೋಸ್ಟ್‌ಮ್ಯಾನ್ ಅದನ್ನು ಕೊಡುವ ಮೊದಲು ಹಿಂದೆ ಮುಂದೆ ತಿರುಗಿಸಿ, "ಯಾವೂರಿಂದ್ರೀ ಸರ ಇದು?" ಎಂದು ಕೇಳಿದ. ಲಕೋಟೆಯಿಲ್ಲದ ಟಪಾಲಿನ ಸೊಗಸೇ ಅದು, ದಾರಿಯಲ್ಲಿ ಕೈಗೆ ಸಿಕ್ಕವರೆಲ್ಲ ಓದಬಹುದು.

ಇಂಥ ಕಾರ್ಡನ್ನು ಮೊದಲು ಹೊರತಂದದ್ದು ಆಸ್ಟ್ರಿಯಾ-ಹಂಗೇರಿಯ ಅಂಚೆ, 1869ರ ಅಕ್ಟೋಬರ್ 1ರಂದು. ನಾಲ್ಕು ಮಾತು ತಿಳಿಸಲು ಪೂರ್ತಿ ಕಾಗದದ ಖರ್ಚು ಯಾಕೆ ಎಂದು ಅರ್ಥಶಾಸ್ತ್ರಜ್ಞ ಎಮಾನುಯೆಲ್ ಹೆರ್ಮಾನ್ ವಾದಿಸಿದ್ದರು. ನಮ್ಮ ದೇಶಕ್ಕೆ ಅದು ಬಂದದ್ದು 1879ರ ಜುಲೈನಲ್ಲಿ, ಬೆಲೆ ಕಾಲಾಣೆ. ಅಷ್ಟರಲ್ಲಿ ಇದಕ್ಕಿಂತ ದೊಡ್ಡ ಕೆಲಸವೊಂದು ಆಗಿಹೋಗಿತ್ತು. 1874ರ ಬರ್ನ್ ಒಪ್ಪಂದದಲ್ಲಿ ಹಲವು ದೇಶಗಳು, ಟಪಾಲಿನ ಮಟ್ಟಿಗೆ ನಾವೆಲ್ಲ ಒಂದೇ ಸೀಮೆ ಎಂದು ಒಪ್ಪಿಕೊಂಡಿದ್ದವು. ಕಳಿಸುವವರು ತಮ್ಮೂರಿನ ಸ್ಟ್ಯಾಂಪು ಹಚ್ಚಿದರೆ ಸಾಕು, ಮುಟ್ಟಿಸುವ ಹೊಣೆ ಆಚೆ ದೇಶದ್ದು. ಭಾರತ 1876ರಲ್ಲಿ ಇದಕ್ಕೆ ಸೇರಿತು.

ನಮ್ಮ ಭಾಗದಲ್ಲಿ ಮಾತ್ರ ಹೊಳೆಯೇ ಗಡಿ. ರಾಯಚೂರು, ಕೊಪ್ಪಳ ನಿಜಾಮರ ಕಡೆ, ತುಂಗಭದ್ರೆಯ ಆಚೆಯ ಬಳ್ಳಾರಿ ಮದ್ರಾಸ್ ಪ್ರಾಂತದ್ದು. ನಿಜಾಮರ ಸ್ಟ್ಯಾಂಪು ಅವರ ರಾಜ್ಯದೊಳಗಷ್ಟೇ ನಡೆಯುತ್ತಿತ್ತು. ಕುಡಿಯುವ ನೀರು ಒಂದೇ, ಆಡುವ ಮಾತು ಒಂದೇ, ಬೀಗರು ಆಚೆ ದಡದಲ್ಲಿ. ಅವರಿಗೊಂದು ಕಾಗದ ಹಾಕಲು ಬ್ರಿಟಿಷ್ ಇಂಡಿಯಾದ ಸ್ಟ್ಯಾಂಪೇ ಬೇಕಿತ್ತು! ನಿಜಾಮರ ಅಂಚೆ ಭಾರತದ ಅಂಚೆಯಲ್ಲಿ ಸೇರಿದ್ದು 1950ರಲ್ಲಿ. ಫಿನ್ಲೆಂಡಿನ ಕಾರ್ಡು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಆ ಬೀಗರು ನೆನಪಾಗುತ್ತಾರೆ.

ಆಮೇಲೆ ಕಾರ್ಡು ಮನೆಮಾತಾಯಿತು. ಮೂಲೆಗೆ ಅರಿಶಿಣ ಹಚ್ಚಿದ್ದರೆ ಶುಭ ಸುದ್ದಿ. ಸಾವಿನ ಸುದ್ದಿಯಾದರೆ ಹೊರಗೇ ಓದಿ ಹರಿದು ಹಾಕುತ್ತಿದ್ದರು.

ಚಿತ್ರದ ಕಾರ್ಡಿನದು ಬೇರೆ ದಾರಿ. ಮೊದಲು ಅದರ ಬೆನ್ನಿಗೆ ವಿಳಾಸ ಬಿಟ್ಟು ಬೇರೇನೂ ಬರೆಯುವಂತಿರಲಿಲ್ಲ, ಮಾತನ್ನು ಚಿತ್ರದ ಅಂಚಿನಲ್ಲೇ ತುರುಕಬೇಕಿತ್ತು. 1902ರಲ್ಲಿ ಬ್ರಿಟನ್ ಬೆನ್ನಿನ ನಡುವೆ ಗೆರೆ ಎಳೆಯಲು ಒಪ್ಪಿತು. ಎಡಕ್ಕೆ ಮಾತು, ಬಲಕ್ಕೆ ವಿಳಾಸ. ಆ ಗೆರೆಯಿಂದಲೇ ಚಿತ್ರ ಪೂರ್ತಿ ಉಳಿಯಿತು, ಜನ ಕೂಡಿಡತೊಡಗಿದರು.

ಈಗ ಅಪರಿಚಿತರ ನಡುವೆ ಕಾರ್ಡು ಓಡಾಡುವುದು ಹೆಚ್ಚಾಗಿ ಪೋಸ್ಟ್‌ಕ್ರಾಸಿಂಗ್ ಎಂಬ ವೆಬ್‌ಸೈಟಿನ ಮೂಲಕ. ಪೋರ್ಚುಗಲ್ಲಿನ ಪಾಲೊ ಮಗಲ್ಯಾಯಿಸ್ 2005ರ ಜುಲೈನಲ್ಲಿ ಇದನ್ನು ಶುರು ಮಾಡಿದರು. ಕೇಳಿದರೆ ಯಾರದೋ ಒಂದು ವಿಳಾಸ ಮತ್ತು ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯನ್ನು ಕಾರ್ಡಿನ ಮೇಲೆ ಮರೆಯದೆ ಬರೆಯಬೇಕು. ಕಾರ್ಡು ಮುಟ್ಟಿದವರು ಅದನ್ನು ದಾಖಲಿಸಿದ ಮೇಲೆ ನಿಮ್ಮ ವಿಳಾಸ ಮತ್ತೊಬ್ಬರಿಗೆ ಹೋಗುತ್ತದೆ. ನೀವು ಬರೆದವರೇ ನಿಮಗೆ ಬರೆಯುವುದಿಲ್ಲ, ಇನ್ನೆಲ್ಲಿಂದಲೋ ಬರುತ್ತದೆ.

ನನಗೆ ಬೇಸರವಿರುವುದು ಒಂದೇ ವಿಷಯಕ್ಕೆ. ನಮ್ಮೂರಿನ ಚಿತ್ರದ ಕಾರ್ಡು ಹುಡುಕಿ ನಾನು ಅಂಗಡಿ ಅಂಗಡಿ ಸುತ್ತಿದ್ದೇನೆ, ಸಿಕ್ಕಿಲ್ಲ. ಅಶೋಕನ ಹೆಸರಿರುವ ಮಸ್ಕಿ ಶಾಸನ ನಮ್ಮ ಜಿಲ್ಲೆಯಲ್ಲೇ ಇದೆ, ಕೊಪ್ಪಳದಲ್ಲಿ ಗವಿಮಠದ ಶಾಸನವಿದೆ, ಕಿನ್ನಾಳದ ಬಣ್ಣದ ಗೊಂಬೆಗಳಿವೆ. ಕೊನೆಗೆ ಕೋಟೆಗೆ ಹೋಗಿ ನಾನೇ ಫೋಟೊ ತೆಗೆದು, ಸ್ಟುಡಿಯೊದಲ್ಲಿ ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿದೆ. ಕೋಟೆಗೋಡೆಯಲ್ಲಿ 1294ರ ಶಾಸನವಿರುವ, 41 ಅಡಿಗೂ ಉದ್ದದ ಕಲ್ಲೊಂದಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಗೋಡೆಯಲ್ಲೇ ಗೆರೆ ಕೊರೆದು ತೋರಿಸಿದ್ದಾರೆ. ಆ ಗೆರೆಚಿತ್ರವನ್ನೇ ಜಪಾನಿನ ಒಬ್ಬ ಶಿಕ್ಷಕಿಗೆ ಕಳಿಸಿದ್ದೆ. ಕಾರ್ಡು ಮುಟ್ಟಿದೆ ಎಂದು ತಿಳಿಸುತ್ತ ಅವರು ಕೇಳಿದ್ದಾರೆ: ಬಂಡಿಗೆ ಹೂಡಿರುವುದು ಎತ್ತೋ, ಕೋಣವೋ?

ನಾಳೆ ಬಿಸಿಲೇರುವ ಮೊದಲು ಹೋಗಿ, ಕೊಂಬನ್ನು ಹತ್ತಿರದಿಂದ ನೋಡಿ ಬರೆಯಬೇಕು.