ಮಗುವಿಗೆ ಅಮ್ಮ ಆಗಿದೆ: ಸ್ನಾನ ಮಾಡಿಸಬಹುದಾ? ಡಾಕ್ಟರಿಗೆ ತೋರಿಸಬಹುದಾ?

ಪ್ರಶ್ನೆ: ನಾವು ಸಿಂಧನೂರು ತಾಲ್ಲೂಕಿನವರು. ನನ್ನ ಮಗನಿಗೆ ಎರಡೂವರೆ ವರ್ಷ. ಮೊನ್ನೆ ಸಂಜೆ ಮೈ ಸ್ವಲ್ಪ ಬಿಸಿ ಇತ್ತು. ನಿನ್ನೆ ಎದೆ, ಬೆನ್ನ ಮೇಲೆ ಕೆಂಪು ಗುಳ್ಳೆ ಕಂಡವು. ಇವತ್ತು ಕೆಲವು ನೀರು ತುಂಬಿಕೊಂಡಿವೆ. ಅತ್ತೆ "ಅಮ್ಮ ಬಂದಾಳ, ಮೈಗೆ ನೀರು ಮುಟ್ಟಿಸಬ್ಯಾಡ, ದವಾಖಾನಿಗೆ ಒಯ್ಯಬ್ಯಾಡ" ಅಂತಾರೆ. ಮಗು ರಾತ್ರಿಯೆಲ್ಲ ಕೆರೆದುಕೊಂಡು ಅಳುತ್ತದೆ. ನಾದಿನಿ ಹೆರಿಗೆಗೆ ಅಂತ ಬಂದಿದ್ದಾರೆ, ಈಗ ಏಳು ತಿಂಗಳು. ಏನು ಮಾಡಲಿ?

ಉತ್ತರ: ನಿಮ್ಮ ನಾದಿನಿಯ ವಿಷಯದಿಂದಲೇ ಶುರು ಮಾಡುತ್ತೇನೆ. ಅದು ನಾಳೆಗೆ ಇಡುವಂಥದ್ದಲ್ಲ.

ಅವರಿಗೆ ಚಿಕ್ಕವರಿದ್ದಾಗ ಅಮ್ಮ ಆಗಿತ್ತಾ? ಅವರನ್ನೂ ಕೇಳಿ, ನಿಮ್ಮ ಅತ್ತೆಯನ್ನೂ ಕೇಳಿ. ಹೆತ್ತ ತಾಯಿಗೆ ಅದು ನೆನಪಿರುತ್ತದೆ. ಆಗಿದ್ದರೆ ಬಹುಪಾಲು ಭಯವಿಲ್ಲ. ಆಗಿಲ್ಲ, ಅಥವಾ ಸರಿಯಾಗಿ ಗೊತ್ತಿಲ್ಲ ಅಂದರೆ ಅವರನ್ನು ಮಗುವಿನಿಂದ ದೂರ ಇರಿಸಿ, ಹೆರಿಗೆ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಅವರ ದೇಹದಲ್ಲಿ ರಕ್ಷಣೆ ಇದೆಯಾ ಇಲ್ಲವಾ ಅನ್ನೋದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇಲ್ಲ ಅಂದರೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಇಂಜೆಕ್ಷನ್ ಇದೆ. ರೋಗಿಯ ಸಂಪರ್ಕಕ್ಕೆ ಬಂದ 10 ದಿನದೊಳಗೆ ಅದನ್ನು ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಗರ್ಭಿಣಿಯರಿಗೆ ಈ ರೋಗ ಬಂದರೆ ನ್ಯುಮೋನಿಯಾ ಆಗುವ ಅಪಾಯ ಇದೆ. ಹೆರಿಗೆಗೆ 5 ದಿನ ಮುಂಚಿನಿಂದ ಹೆರಿಗೆಯಾದ 2 ದಿನದೊಳಗೆ ತಾಯಿಗೆ ಗುಳ್ಳೆ ಎದ್ದರೆ ಹಸುಗೂಸಿನ ಜೀವಕ್ಕೇ ಅಪಾಯ. ಆಸ್ಪತ್ರೆಗೆ ಹೋಗುವಾಗ ಮೊದಲೇ ಫೋನಿನಲ್ಲಿ ವಿಷಯ ಹೇಳಿ ಹೋಗಿ. ಅಲ್ಲಿ ಬೇರೆ ಗರ್ಭಿಣಿಯರೂ ಕೂತಿರುತ್ತಾರೆ.

ಈಗ ಮಗನ ವಿಷಯ. ನೀವು ಬರೆದ ಲಕ್ಷಣ ನೋಡಿದರೆ ಇದು ಚಿಕನ್‌ಪಾಕ್ಸ್, ಅಂದರೆ ನಾವು ಅಮ್ಮ ಅಥವಾ ಸೀತಾಳೆ ಸಿಡುಬು ಅನ್ನುವ ರೋಗವೇ ಇರಬೇಕು. ಹಿಂದೆ ಊರಿಗೆ ಊರೇ ಹೆದರುತ್ತಿದ್ದ ದೊಡ್ಡ ಸಿಡುಬು ಬೇರೆ, ಇದು ಬೇರೆ. ಆ ಸಿಡುಬು ನಮ್ಮ ದೇಶದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. 1980ರಲ್ಲಿ ಅದು ಜಗತ್ತಿನಿಂದಲೇ ಹೋಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಈ ಸಣ್ಣ ಅಮ್ಮ ತರುವುದು ಬೇರೆಯೇ ವೈರಸ್. ಆರೋಗ್ಯವಾಗಿರುವ ಪುಟ್ಟ ಮಕ್ಕಳಲ್ಲಿ ಹೆಚ್ಚಾಗಿ ಒಂದು ವಾರ, ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ.

ಗುರುತು ಹಿಡಿಯುವುದು ಹೇಗೆ? ಗುಳ್ಳೆ ಮೊದಲು ಎದೆ, ಬೆನ್ನು, ಮುಖದಲ್ಲಿ ಏಳುತ್ತವೆ. ಆಮೇಲೆ ಕೈಕಾಲಿಗೆ ಹರಡುತ್ತವೆ. ಕೆಂಪು ಚುಕ್ಕೆ ಉಬ್ಬುತ್ತದೆ, ಅದರ ಮೇಲೆ ಇಬ್ಬನಿ ಹನಿ ಕೂತ ಹಾಗೆ ತೆಳ್ಳಗೆ ನೀರು ತುಂಬಿಕೊಳ್ಳುತ್ತದೆ. ಒಂದೆರಡು ದಿನಕ್ಕೆ ಒಣಗಿ ಹಕ್ಕಳೆ ಕಟ್ಟುತ್ತದೆ. ಮೂರ್ನಾಲ್ಕು ದಿನ ಹೊಸ ಗುಳ್ಳೆ ಏಳುತ್ತಲೇ ಇರುತ್ತವೆ. ಹಾಗಾಗಿ ಒಂದೇ ಜಾಗದಲ್ಲಿ ಚುಕ್ಕೆ, ನೀರುಗುಳ್ಳೆ, ಹಕ್ಕಳೆ ಮೂರೂ ಒಟ್ಟಿಗೆ ಕಾಣುತ್ತವೆ. ನನ್ನ ಪ್ರಕಾರ ಮನೆಯಲ್ಲಿ ನೋಡಿ ಹೇಳಲು ಇದೇ ಎಲ್ಲಕ್ಕಿಂತ ಒಳ್ಳೆಯ ಗುರುತು. ಕೂದಲ ನಡುವೆ, ಬಾಯಿಯೊಳಗೂ ನೋಡಿ, ಅಲ್ಲೂ ಇರುತ್ತವೆ.

ನಮ್ಮ ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಕ್ಕಳ ಮೈಮೇಲೆಲ್ಲ ಬೆವರುಗುಳ್ಳೆ. ಅವು ತೀರಾ ಸಣ್ಣವು, ಕತ್ತು, ಕಂಕುಳು, ಬೆನ್ನಿನಲ್ಲಿ ಒತ್ತೊತ್ತಾಗಿ ಬರುತ್ತವೆ, ಹಕ್ಕಳೆ ಕಟ್ಟುವುದಿಲ್ಲ. ಗುಳ್ಳೆ ಬರೀ ಅಂಗೈ, ಅಂಗಾಲು, ಬಾಯಿಯಲ್ಲೇ ಜಾಸ್ತಿ ಇದ್ದರೆ ಅದು ಕೈ-ಕಾಲು-ಬಾಯಿ ರೋಗ ಇರಬಹುದು. ಜೋರು ಜ್ವರ, ಕೆಮ್ಮು, ಕೆಂಪು ಕಣ್ಣು ಬಂದು ಆಮೇಲೆ ಮುಖದಿಂದ ಕೆಳಗೆ ನೀರಿಲ್ಲದ ಕೆಂಪು ದದ್ದು ಇಳಿದರೆ ದಡಾರ. ದಡಾರ ಅನ್ನಿಸಿದರೆ ತಡ ಮಾಡದೆ ತೋರಿಸಬೇಕು.

ಸ್ನಾನ? ಮಾಡಿಸಿ. ದಿನಾ ಮಾಡಿಸಿ. ನಿಮ್ಮ ಪ್ರಶ್ನೆಗೆ ನಾನು ಕೊಡುವ ಮುಖ್ಯ ಉತ್ತರ ಇದೇ.

ಈ ರೋಗದಲ್ಲಿ ಮಕ್ಕಳಿಗೆ ಹೆಚ್ಚು ತೊಂದರೆ ಆಗುವುದು ಕೆರೆದ ಗುಳ್ಳೆ ಒಡೆದು, ಉಗುರಿನ ಕೊಳೆ ಸೇರಿ ಕೀವಾದಾಗ. ಬೆವರು, ಧೂಳು ಮೈಮೇಲೇ ಉಳಿದರೆ ತುರಿಕೆಯೂ ಜಾಸ್ತಿ, ಕೀವೂ ಜಾಸ್ತಿ. ಉಗುರುಬೆಚ್ಚಗಿನ ನೀರು ಹಾಕಿ, ತಿಕ್ಕಬೇಡಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಅತ್ತೆಯವರಿಗೆ ಸಮಾಧಾನ ಆಗಲಿ ಅಂದರೆ ನೀರಿಗೆ ತೊಳೆದ ಬೇವಿನ ಎಲೆ ಹಾಕಿ, ತೊಂದರೆಯಿಲ್ಲ. ಅಮ್ಮ ಇಳಿದ ಮೇಲೆ ಬೇವಿನ ನೀರು ಹಾಕುವುದು ನಮ್ಮ ಪದ್ಧತಿಯಲ್ಲೇ ಇದೆ ಅಲ್ವಾ? ಅದನ್ನೇ ಮೊದಲ ದಿನದಿಂದ ಶುರು ಮಾಡಿದ ಹಾಗೆ ಅಂತ ಹೇಳಿ ನೋಡಿ. ಆದರೆ ಬೇವು, ಅರಿಶಿನ ಅರೆದು ಒಡೆದ ಗುಳ್ಳೆಗೆ ಹಚ್ಚಬೇಡಿ. ಬೇವಿನ ಟೊಂಗೆಯಿಂದ ಮೈ ಸವರಿದರೂ ಗುಳ್ಳೆ ಒಡೆಯುತ್ತವೆ.

ಬಾಗಿಲಿಗೆ ಬೇವು ಕಟ್ಟಿ, ಹೊರಗಿನವರನ್ನು ಒಳಗೆ ಬಿಡದಿರುವ ಪದ್ಧತಿಯನ್ನು ನಾನು ಗೌರವದಿಂದ ನೋಡುತ್ತೇನೆ. ಗಾಳಿಯಲ್ಲಿ ಹರಡುವ ರೋಗಕ್ಕೆ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಅದನ್ನು ಬಿಡಬೇಡಿ. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಕಂಬಳಿ ಹೊದಿಸುವುದನ್ನು ಮಾತ್ರ ಬಿಡಿ. ಸೆಕೆಗೆ ತುರಿಕೆ ಏರುತ್ತದೆ. ಸಡಿಲವಾದ ಹತ್ತಿ ಅಂಗಿ ಸಾಕು.

ಉಗುರು ಇವತ್ತೇ ಕತ್ತರಿಸಿ. ರಾತ್ರಿ ಕೈಗೆ ತೆಳ್ಳನೆಯ ಹತ್ತಿ ಕಾಲುಚೀಲ ಹಾಕಿದರೆ ನಿದ್ದೆಯಲ್ಲಿ ಕೆರೆಯುವುದು ತಪ್ಪುತ್ತದೆ. ಕ್ಯಾಲಮೈನ್ ಲೋಶನ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕಣ್ಣು, ಬಾಯಿ ಬಿಟ್ಟು ಉಳಿದ ಕಡೆ ಹಚ್ಚಿ. ಇಷ್ಟಾದರೂ ಮಗು ಮಲಗದಿದ್ದರೆ ತುರಿಕೆಗೆ ಸಿರಪ್ ಇದೆ, ಅದನ್ನು ಡಾಕ್ಟರೇ ಬರೆಯಲಿ.

ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ. ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ 6 ಗಂಟೆ ಅಂತರ. ಇಲ್ಲಿ ಬಾಟಲಿ ನೋಡುವುದು ತುಂಬಾ ಮುಖ್ಯ. ಒಂದು ಸಿರಪ್‌ನಲ್ಲಿ 5 ಎಂ.ಎಲ್.ಗೆ 125 ಮಿಲಿಗ್ರಾಂ ಇರುತ್ತದೆ, ಇನ್ನೊಂದರಲ್ಲಿ 250. 12 ಕಿಲೋ ಮಗುವಿಗೆ ಮೊದಲನೆಯದು 5ರಿಂದ 7 ಎಂ.ಎಲ್. ಆದರೆ ಎರಡನೆಯದು ಎರಡೂವರೆಯಿಂದ ಮೂರೂವರೆ ಎಂ.ಎಲ್. ಮಾತ್ರ. ಹಸುಗೂಸುಗಳಿಗೆ ಕೊಡುವ ಡ್ರಾಪ್ಸ್ ಇದಕ್ಕಿಂತ ಗಟ್ಟಿ. ಸುಮ್ನೆ "ಒಂದು ಚಮಚ" ಅಂತ ಅಳೆಯಬೇಡಿ.

ಆಸ್ಪಿರಿನ್ ಕೊಡಲೇಬಾರದು. ಈ ರೋಗದ ಜೊತೆ ಅದು ಸೇರಿದರೆ ಮಿದುಳಿಗೆ, ಯಕೃತ್ತಿಗೆ ಹೊಡೆತ ಬೀಳಬಹುದು. ಐಬುಪ್ರೊಫೆನ್ ಕೂಡ ಬೇಡ, ಚರ್ಮದ ಸೋಂಕು ಆಳಕ್ಕೆ ಇಳಿಯುವ ಅಪಾಯ ಇದೆ. ಪ್ಯಾರಸಿಟಮಾಲ್ ಜೊತೆ ಐಬುಪ್ರೊಫೆನ್ ಬೆರೆಸಿದ ಸಿರಪ್‌ಗಳೂ ಇವೆ, ಚೀಟಿ ಓದಿ. ನಿಮೆಸುಲೈಡ್ 12 ವರ್ಷದೊಳಗಿನ ಮಕ್ಕಳಿಗೆ ನಮ್ಮ ದೇಶದಲ್ಲಿ 2011ರಿಂದ ನಿಷೇಧ. ಜ್ವರ ಬೇಗ ಇಳಿಯಲಿ ಅಂತ ಊರಲ್ಲೇ ಯಾರೋ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್ ಎಲ್ಲಕ್ಕಿಂತ ಅಪಾಯ. ಅದು ಮಗುವಿನ ಪ್ರತಿರೋಧ ಶಕ್ತಿಯನ್ನೇ ಕುಗ್ಗಿಸುತ್ತದೆ, ವೈರಸ್ ಒಳಗಿನ ಅಂಗಗಳಿಗೂ ಹರಡಬಹುದು. ಯಾವ ಇಂಜೆಕ್ಷನ್ ಅಂತ ಕೇಳದೆ ಮಗುವಿನ ಕೈ ಒಡ್ಡಬೇಡಿ.

ಊಟಕ್ಕೆ ಪಥ್ಯ ಬೇಕಿಲ್ಲ. ಬಾಯಲ್ಲಿ ಹುಣ್ಣಿದ್ದರೆ ಖಾರ ಉರಿಯುತ್ತದೆ, ಅಷ್ಟೇ. ನುಚ್ಚು-ಮಜ್ಜಿಗೆ, ಮೊಸರನ್ನ, ಸಪ್ಪೆ ಬೇಳೆ, ಎಳನೀರು ಕೊಡಿ. ನೀರು ಆಗಾಗ ಕುಡಿಸುತ್ತಿರಿ.

ಡಾಕ್ಟರಿಗೆ ತೋರಿಸುವುದರಿಂದ ಅಮ್ಮ ಮುನಿಯುವುದಿಲ್ಲ. ಇದು ನಿಮ್ಮ ಅತ್ತೆಗೆ ನಾನು ಕೈಮುಗಿದು ಹೇಳುವ ಮಾತು. ಮಗುವಿನ ವಯಸ್ಸು ಸಣ್ಣದು, ಮನೆಯಲ್ಲಿ ಗರ್ಭಿಣಿ ಇದ್ದಾರೆ. ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಮಕ್ಕಳ ಡಾಕ್ಟರ್ ಹತ್ತಿರವೋ ತೋರಿಸಿ ಖಾತ್ರಿ ಮಾಡಿಕೊಳ್ಳಿ. ವೈರಸ್ಸಿಗೇ ಕೊಡುವ ಅಸೈಕ್ಲೋವಿರ್ ಔಷಧ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ಬೇಕು ಅಂದರೆ ಗುಳ್ಳೆ ಎದ್ದ ಮೊದಲ ದಿನದಲ್ಲೇ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಮಗನಿಗೆ ನಿನ್ನೆಯೇ ಎದ್ದಿವೆ, ಅದಕ್ಕೇ ಇವತ್ತು ಹೋಗಿ ಅನ್ನುತ್ತಿದ್ದೇನೆ.

ಜ್ವರ ನಾಲ್ಕು ದಿನ ದಾಟಿದರೆ, ಇಳಿದ ಜ್ವರ ಮತ್ತೆ ಏರಿದರೆ, ಗುಳ್ಳೆಯ ಸುತ್ತ ಕೆಂಪಾಗಿ ಊದಿ ಬಿಸಿಯಾದರೆ ಅವತ್ತೇ ತೋರಿಸಿ. ಮಗು ಏದುಸಿರು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿಯೇ ಇದ್ದರೆ, ನಡೆಯುವಾಗ ತೂರಾಡಿದರೆ, ಫಿಟ್ಸ್ ಬಂದರೆ, ಕುಡಿದದ್ದೆಲ್ಲ ವಾಂತಿಯಾದರೆ, ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ, ಗುಳ್ಳೆಯೊಳಗೆ ರಕ್ತ ಕಂಡರೆ ಒಂದು ಗಂಟೆಯೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅನ್ನುವ ದೊಡ್ಡ ಸರ್ಕಾರಿ ಆಸ್ಪತ್ರೆ ಇವೆ.

ಇದು ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳಬೇಡಿ. ವೈರಸ್ ಸೇರಿ 10ರಿಂದ 21 ದಿನ ಆದ ಮೇಲೆ ಗುಳ್ಳೆ ಏಳುತ್ತವೆ. ಜಾತ್ರೆಯಲ್ಲೋ ಬಸ್ಸಿನಲ್ಲೋ ಅಂಟಿರಬಹುದು. ಮನೆಯ ಹಿರಿಯರಿಗೆ ಸರ್ಪಸುತ್ತು ಆಗಿದ್ದರೂ ಆ ಗುಳ್ಳೆಯ ನೀರಿನಿಂದ ಮಗುವಿಗೆ ಬರಬಹುದು, ಎರಡಕ್ಕೂ ವೈರಸ್ ಒಂದೇ.

ಲಸಿಕೆಯ ಬಗ್ಗೆ ತಪ್ಪು ತಿಳಿವಳಿಕೆ ತುಂಬಾ ಇದೆ. ಸರ್ಕಾರಿ ಆಸ್ಪತ್ರೆ, ಅಂಗನವಾಡಿಯಲ್ಲಿ 9 ತಿಂಗಳಿಗೆ ಹಾಕುವ ಎಂಆರ್ ಲಸಿಕೆ ದಡಾರ ಮತ್ತು ರುಬೆಲ್ಲಾಗೆ, ಚಿಕನ್‌ಪಾಕ್ಸ್‌ಗೆ ಅಲ್ಲ. ಇದರ ಲಸಿಕೆ ಸರ್ಕಾರದ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ, ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಇದು ನನಗೆ ಬೇಸರದ ಸಂಗತಿ. ಜಪಾನಿನ ವೈದ್ಯ ಮಿಚಿಯಾಕಿ ತಕಾಹಾಶಿ ತಮ್ಮ ಮೂರು ವರ್ಷದ ಮಗ ಈ ರೋಗದಿಂದ ನರಳಿದ್ದನ್ನು ಕಂಡು ಇದರ ಹಿಂದೆ ಬಿದ್ದವರು. 1974ರಲ್ಲೇ ಅವರ ಲಸಿಕೆ ಬಂತು. ನಮ್ಮ ಕೂಲಿ ಮಾಡುವ ಮನೆಗಳ ಮಕ್ಕಳಿಗೆ ಅದು ಇನ್ನೂ ಕೈಗೆಟುಕಿಲ್ಲ. ಆಗುವವರು 15 ತಿಂಗಳಿಗೆ ಒಂದು, ಮೂರು ತಿಂಗಳು ಬಿಟ್ಟು ಇನ್ನೊಂದು ಡೋಸ್ ಹಾಕಿಸಿ. ಡಾಕ್ಟರ್ ಇದು ಚಿಕನ್‌ಪಾಕ್ಸೇ ಅಂತ ಖಾತ್ರಿ ಮಾಡಿದರೆ ನಿಮ್ಮ ಮಗನಿಗೆ ಇನ್ನು ಅದು ಬೇಕಿಲ್ಲ.

ಕೊನೆಯ ಗುಳ್ಳೆಯೂ ಹಕ್ಕಳೆ ಕಟ್ಟುವವರೆಗೆ ಮಗನನ್ನು ಅಂಗನವಾಡಿಗೆ ಕಳಿಸಬೇಡಿ. ಟೀಚರ್‌ಗೆ ಮಾತ್ರ ಇವತ್ತೇ ಹೇಳಿ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಹರಡಲು ಶುರುವಾಗಿರುತ್ತದೆ. ಆ ದಿನಗಳಲ್ಲಿ ಅವನ ಜೊತೆ ಆಡಿದ, ಒಂದು ವರ್ಷ ದಾಟಿದ, ಇನ್ನೂ ಅಮ್ಮ ಆಗದ ಮಕ್ಕಳಿದ್ದರೆ ಅವರ ತಾಯಂದಿರಿಗೂ ತಿಳಿಸಿ. ಸಂಪರ್ಕಕ್ಕೆ ಬಂದ 3 ದಿನದೊಳಗೆ, ತಡವಾದರೆ 5 ದಿನದೊಳಗೆ ಲಸಿಕೆ ಹಾಕಿಸಿದರೂ ಆ ಮಕ್ಕಳಿಗೆ ರೋಗ ತಪ್ಪಬಹುದು, ಬಂದರೂ ಹಗುರವಾಗಿ ಹೋಗಬಹುದು.