ಹಾಲಿನಿಂದ ಬಾರದ ಚೀಸ್

ಇಂಗ್ಲಿಷಿನವರು ದೊಡ್ಡ ಕುಳವನ್ನು ‘ಬಿಗ್ ಚೀಸ್’ ಎನ್ನುತ್ತಾರೆ. ಹಾಲಿನ ಪದಾರ್ಥಕ್ಕೂ ಪ್ರತಿಷ್ಠೆಗೂ ಎಲ್ಲಿಯ ನಂಟು ಎಂದು ಹುಡುಕಿದರೆ ಅಮೆರಿಕದ ಕಥೆಯೊಂದು ಸಿಗುತ್ತದೆ. 1802ರ ಹೊಸ ವರ್ಷದಂದು ಮ್ಯಾಸಚೂಸೆಟ್ಸ್‌ನ ಚೆಷೈರ್ ಊರಿನವರು ಅಧ್ಯಕ್ಷ ಜೆಫರ್ಸನ್‌ಗೆ 1,200 ಪೌಂಡಿಗೂ ಮಿಕ್ಕಿದ ಚೀಸ್ ಕಾಣಿಕೆ ಕೊಟ್ಟರಂತೆ, ಮಾತು ಅಲ್ಲಿಂದ ಬಂತಂತೆ. ಕಾಣಿಕೆ ಕೊಟ್ಟದ್ದು ನಿಜ. ಆದರೆ ‘ಬಿಗ್ ಚೀಸ್’ ಅಮೆರಿಕದಲ್ಲಿ ಚಾಲ್ತಿಗೆ ಬಂದದ್ದು ಅದಾಗಿ ಸುಮಾರು ನೂರು ವರ್ಷದ ಮೇಲೆ.

ಅದಕ್ಕೂ ಮುಂಚೆಯೇ ಇಂಗ್ಲೆಂಡಿನ ಬೀದಿಮಾತಿನಲ್ಲಿ ‘ದ ಚೀಸ್’ ಇತ್ತು. ಆಗ ಅದು ಮನುಷ್ಯನಿಗಲ್ಲ, ಮಾಲಿಗೆ ಅನ್ವಯಿಸುತ್ತಿತ್ತು: ಅಸಲಿಯಾದದ್ದು, ಮೊದಲ ದರ್ಜೆಯದು. 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಎಂಬ, ಭಾರತದಲ್ಲಿದ್ದ ಇಂಗ್ಲಿಷರ ಆಡುಮಾತಿನ ನಿಘಂಟು ಇದರ ಬೇರನ್ನು ಫಾರಸಿ-ಹಿಂದೂಸ್ತಾನಿಯ ‘ಚೀಜ್’ನಲ್ಲಿ ಕಾಣುತ್ತದೆ. ಚೀಜ್ ಎಂದರೆ ವಸ್ತು. ಇಲ್ಲಿದ್ದ ಬಿಳಿಯರು ತಮ್ಮ ಹೊಸ ಅರಬ್ಬಿ ಕುದುರೆಯನ್ನೋ ಚುಟ್ಟಾವನ್ನೋ ಹೊಗಳುವಾಗ ‘ರಿಯಲ್ ಚೀಜ್’ ಎನ್ನುತ್ತಿದ್ದರು. ಊರಿಗೆ ಮರಳಿದಾಗ ಮಾತೂ ಜೊತೆಗೆ ಹೋಯಿತು, ಚೀಜ್ ಅರಿಯದ ಕಿವಿಗಳಿಗೆ ಅದು ಚೀಸ್ ಆಗಿ ಕೇಳಿಸಿತು. ನಿಘಂಟಿನ ಇಬ್ಬರು ಸಂಪಾದಕರಲ್ಲಿ ಒಬ್ಬನಾದ ಬರ್ನೆಲ್ ನಮಗೆ ಅಪರಿಚಿತನಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು, ತುಳುನಾಡಿನ ಪಾಡ್ದನಗಳನ್ನು, ಅಂದರೆ ದೈವಗಳ ಕಥೆ ಹೇಳುವ ಹಾಡುಗಳನ್ನು ಸಂಗ್ರಹಿಸಿದವನು. ನಿಘಂಟು ಅಚ್ಚಾಗುವ ನಾಲ್ಕು ವರ್ಷ ಮೊದಲೇ ತೀರಿಕೊಂಡ. ಜನರ ಬಾಯಿಮಾತಿಗೆ ಕಿವಿಗೊಟ್ಟಿದ್ದ ಅವನಂಥವರು ಕೈಯಾಡಿಸಿದ ನಿಘಂಟು ಈ ಮೂಲವೇ ಹೆಚ್ಚು ಸಂಭವನೀಯ ಎಂದಿರುವಾಗ, ಅದನ್ನು ಅಡಿಟಿಪ್ಪಣಿಗೆ ತಳ್ಳಿ ದೈತ್ಯ ಚೀಸಿನ ಕಥೆಯನ್ನೇ ಮೊದಲು ಹೇಳುವುದು ನ್ಯಾಯವಲ್ಲ.

ಮುಂದಿನ ದಶಕಗಳಲ್ಲಿ ಮಾತು ಅಟ್ಲಾಂಟಿಕ್ ದಾಟಿತು, ‘ಬಿಗ್’ ಸೇರಿತು, ಹೊಗಳಿಕೆ ವಸ್ತುವಿನಿಂದ ಯಜಮಾನನಿಗೆ ವರ್ಗವಾಯಿತು.

ಇದೇ ಸಾಲಿನ ಇನ್ನೊಂದು ನುಡಿಗಟ್ಟು ಗಮನಿಸಿ. ಅತ್ಯುತ್ತಮವಾದದ್ದನ್ನು ‘ಹೋಳು ಮಾಡಿದ ಬ್ರೆಡ್ ಬಂದ ಮೇಲೆ ಇಂಥದ್ದು ಬಂದಿಲ್ಲ’ ಎನ್ನುವುದುಂಟು. ಅದರ ಹಿಂದಿನ ಬ್ರೆಡ್ಡಿಗೆ ಜನ್ಮಪತ್ರಿಕೆಯೇ ಇದೆ: 1928ರ ಜುಲೈ 7, ಮಿಸೌರಿಯ ಚಿಲಿಕಾಥಿ ಊರು, ಆಟೊ ರೋವೆಡರ್ ಕಟ್ಟಿದ ಯಂತ್ರ. ಯಂತ್ರಕ್ಕೆ ದಾಖಲೆ ಇರುತ್ತದೆ. ಕುದುರೆಲಾಯದಲ್ಲಿ, ಬಜಾರಿನಲ್ಲಿ ಸಾಹೇಬನ ಕಿವಿಗೆ ‘ಚೀಜ್’ ಹಾಕಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಪದ ಮಾತ್ರ ನಮ್ಮಲ್ಲಿ ಉಳಿದಿದೆ. ಧಾರವಾಡದ ಹಿಂದೂಸ್ತಾನಿ ಗಾಯಕರು ಖಯಾಲಿನ ಬಂದಿಶನ್ನು, ಅಂದರೆ ಹಾಡುವ ರಚನೆಯನ್ನು, ಈಗಲೂ ‘ಚೀಜ್’ ಎನ್ನುತ್ತಾರೆ.