ಹಳೆಯ ಕಾರಿನ ಹೀಟರ್–ಎಸಿ ಪೆಟ್ಟಿಗೆ: ಗ್ಯಾಸ್‌ಗಿಂತ ಮೊದಲು ಗಾಳಿಯ ದಾರಿ

ಬೆಂಗಳೂರಿನಲ್ಲಿ ಹಳೆಯ ಕಾರಿನ ಎಸಿ ಕೈಕೊಟ್ಟರೆ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಕಡಿಮೆಯಾಗಿದೆ’. ತುಂಬಿಸಿದ ಮೇಲೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬೆವರಿಳಿದರೆ ಅನುಮಾನ ಕಂಪ್ರೆಸರ್ ಮೇಲೆ ತಿರುಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಪೆಟ್ಟಿಗೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಹೊರತೆಗೆಯಲು ಹಲವು ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಹಾಗಾಗಿ ಆ ಕಡೆ ತಲೆ ಹಾಕಲು ಯಾರಿಗೂ ಮನಸ್ಸಿಲ್ಲ.

ಪೆಟ್ಟಿಗೆಯೊಳಗೆ ಗಾಳಿ ಸಾಗುವ ಕ್ರಮವನ್ನು ಮೊದಲು ಮನದಟ್ಟು ಮಾಡಿಕೊಳ್ಳೋಣ. ಬ್ಲೋವರ್ (ಫ್ಯಾನ್) ತಳ್ಳಿದ ಗಾಳಿ ಮೊದಲು ಗ್ಯಾಸಿನಿಂದ ತಣ್ಣಗಾಗುವ ಕೂಲಿಂಗ್ ಕಾಯಿಲ್ ದಾಟುತ್ತದೆ, ಆಮೇಲೆ ಎಂಜಿನ್ನಿನ ಬಿಸಿನೀರು ಹರಿಯುವ ಹೀಟರ್ ಕೋರ್ ಇರುವ ಕಡೆಗೆ ಬರುತ್ತದೆ. ಮೊದಲು ತಣಿಸಿ ಗಾಳಿಯ ತೇವ ಇಳಿಸುವುದು, ಬೇಕಿದ್ದರೆ ನಂತರ ಬಿಸಿ ಮಾಡುವುದು ಇದರ ಉದ್ದೇಶ. ಮಳೆಗಾಲದಲ್ಲಿ ಮುಂಗಾಜಿನ ಮಂಜು ಬೇಗ ಕರಗುವುದು ಇಂಥ ಒಣ, ಬೆಚ್ಚನೆಯ ಗಾಳಿಗೆ. ಆದರೆ ಇದೇ ಕ್ರಮಕ್ಕೆ ಇನ್ನೊಂದು ಮುಖವಿದೆ. ಕಾಯಿಲ್ ಎಷ್ಟೇ ಚೆನ್ನಾಗಿ ತಣಿಸಿದರೂ, ಮುಂದೆ ಹೀಟರ್ ಕೋರ್‌ನ ಬಿಸಿ ತಗುಲಿದರೆ ಆ ಶ್ರಮವೆಲ್ಲ ನೀರುಪಾಲು.

ಬಿಸಿ ತಗುಲುವುದಕ್ಕೆ ದಾರಿ ಎರಡು. ಕೆಲವು ಕಾರುಗಳಲ್ಲಿ ಹೀಟರ್ ಕೋರ್‌ಗೆ ಎಂಜಿನ್ನಿನ ಬಿಸಿನೀರು ಸದಾ ಹರಿಯುತ್ತದೆ. ಎಷ್ಟು ಗಾಳಿ ಅದರ ಮೂಲಕ ಹೋಗಬೇಕೆಂದು ಒಂದು ಫ್ಲಾಪ್, ಅಂದರೆ ತಿರುಗುವ ಪುಟ್ಟ ಬಾಗಿಲು, ತೀರ್ಮಾನಿಸುತ್ತದೆ. ಇನ್ನು ಕೆಲವದರಲ್ಲಿ ನೀರನ್ನೇ ವಾಲ್ವ್ ತಡೆಯುತ್ತದೆ. ಪುಣೆಯಲ್ಲಿ 1995ರಿಂದ ತಯಾರಾದ ಮರ್ಸಿಡಿಸ್ ಡಬ್ಲ್ಯೂ-124ರದ್ದು ಎರಡನೆಯ ಬಗೆ. ಅದರ ವಾಲ್ವ್ ವಿದ್ಯುತ್ ಸಿಕ್ಕಾಗ ಮುಚ್ಚಿಕೊಳ್ಳುತ್ತದೆ, ಇಲ್ಲದಾಗ ತೆರೆದೇ ಇರುತ್ತದೆ. ಜರ್ಮನಿಯ ಚಳಿಗೆ ಇದು ಜಾಣತನ. ನಮ್ಮ ಏಪ್ರಿಲ್‌ಗೆ ಶಿಕ್ಷೆ. ವಾಲ್ವ್ ಮೇಲೆ ಅನುಮಾನವಿದ್ದರೆ ಎಸಿ ಓಡುತ್ತಿರುವಾಗ ಹೀಟರ್‌ಗೆ ನೀರು ತರುವ ಹೋಸನ್ನು ಬಟ್ಟೆ ಸುತ್ತಿ ಕ್ಲಾಂಪಿನಿಂದ ಒತ್ತಿಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಗಾಳಿ ತಣ್ಣಗಾದರೆ ಗ್ಯಾಸಿನ ತಪ್ಪಿಲ್ಲ ಎಂದಾಯಿತು. ಡ್ಯಾಶ್‌ಬೋರ್ಡ್ ಮುಟ್ಟುವ ಮೊದಲೇ ಮಾಡಬಹುದಾದ ಪರೀಕ್ಷೆ ಇದು.

ಫ್ಲಾಪ್ ಇರುವ ಪೆಟ್ಟಿಗೆಗಳಲ್ಲಿ ಖಳನಾಯಕ ಫೋಮ್. ಫ್ಲಾಪ್‌ನ ಅಂಚು ಪೆಟ್ಟಿಗೆಗೆ ಬಿಗಿಯಾಗಿ ಕೂರಲೆಂದು ಅಂಟಿಸಿದ ಫೋಮ್ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಬೆರಳಿಟ್ಟರೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ. ಬ್ಲೋವರ್ ಹಾಕಿದರೆ ಚೂರುಗಳು ಮುಖಕ್ಕೆ ಹಾರುತ್ತವೆ. ಕೆಲವು ಕಾರುಗಳ ಫ್ಲಾಪ್‌ನಲ್ಲಿ ದೊಡ್ಡ ತೂತುಗಳೇ ಇದ್ದು, ಫೋಮ್ ಅವನ್ನು ಮುಚ್ಚಿರುತ್ತದೆ. ಫೋಮ್ ಹೋದರೆ ಫ್ಲಾಪ್ ಪೂರ್ತಿ ಮುಚ್ಚಿದ್ದರೂ ಗಾಳಿ ತೂರಿಹೋಗುತ್ತದೆ. ಹಳೆಯ ಅಂಟನ್ನು ಕೆರೆದು ತೆಗೆಯುವುದೇ ಇಲ್ಲಿ ಬೇಸರದ ಕೆಲಸ, ಆದರೆ ಅದನ್ನು ಅವಸರಿಸಿದರೆ ಹೊಸ ಫೋಮ್ ನಿಲ್ಲುವುದಿಲ್ಲ. ಜೆ.ಸಿ. ರಸ್ತೆಯ ಸೀಟ್ ಅಂಗಡಿಗಳ ಮೆತ್ತನೆಯ ಫೋಮ್ ಬೇಡ. ಅದು ಸ್ಪಂಜಿನಂತೆ ನೀರು ಹೀರಿ ಬೂಸಲು ವಾಸನೆ ತರುತ್ತದೆ. ಒಳಗಿನ ಗುಳ್ಳೆಗಳು ಮುಚ್ಚಿರುವ ರಬ್ಬರ್ ಫೋಮ್ ಹಾಕಿ. ತೀರಾ ದಪ್ಪವಾದರೆ ಫ್ಲಾಪ್ ಕೊನೆಯವರೆಗೆ ತಿರುಗುವುದಿಲ್ಲ. ಅಂಟಿಸಿದ ಮೇಲೆ ಕೋಣೆ ಕತ್ತಲು ಮಾಡಿ, ಪೆಟ್ಟಿಗೆಯೊಳಗೆ ಟಾರ್ಚ್ ಇಟ್ಟು ಫ್ಲಾಪ್ ಮುಚ್ಚಿ. ಬೆಳಕಿನ ಗೆರೆ ಕಂಡ ಕಡೆ ಗಾಳಿಯೂ ಸೋರುತ್ತದೆ.

ಬ್ಲೋವರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪೂರ್ತಿ ವೇಗದಲ್ಲಿ ಮಾತ್ರ ತಿರುಗಿದರೆ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ, ಏಕೆಂದರೆ ಪೂರ್ತಿ ವೇಗಕ್ಕೆ ವಿದ್ಯುತ್ ರೆಸಿಸ್ಟರನ್ನು ಬಿಟ್ಟು ನೇರವಾಗಿ ಹೋಗುತ್ತದೆ. ರೆಸಿಸ್ಟರನ್ನು ತಣಿಸುವುದೂ ಇದೇ ಗಾಳಿ. ಎಲೆ, ಕಸ ಕಟ್ಟಿಕೊಂಡರೆ ಹೊಸದೂ ಸುಡುತ್ತದೆ. ಸವೆದ ಕಾರ್ಬನ್ ಬ್ರಷ್‌ಗೆ ಮೋಟಾರ್ ವೈಂಡಿಂಗ್ ಅಂಗಡಿ ಸಾಕು.

ಹೀಟರ್ ಕೋರ್ ಸೋರಿದರೆ ಎರಡು ಹೋಸ್‌ಗಳನ್ನು ಜೋಡಿಸಿ ಬೈಪಾಸ್ ಮಾಡುವುದು ಇಲ್ಲಿನ ರೂಢಿ. ‘ಬೆಂಗಳೂರಿಗೆ ಹೀಟರ್ ಯಾಕೆ ಸಾರ್?’ ಎನ್ನುತ್ತಾರೆ. ಪೆಟ್ಟಿಗೆ ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿರುವಾಗಲೂ ಹಾಗೆ ಮಾಡುವುದು ನನ್ನ ದೃಷ್ಟಿಯಲ್ಲಿ ಸೋಮಾರಿತನ. ಮಂಜು ತೆಗೆಯಲು ಅದು ಬೇಕು. ಘಾಟಿಯಲ್ಲಿ ಎಂಜಿನ್ ಕಾದಾಗ ಹೀಟರ್ ಪೂರ್ತಿ ತೆರೆದರೆ ಅದು ಎರಡನೆಯ ಪುಟ್ಟ ರೇಡಿಯೇಟರ್. ಅಂದ ಹಾಗೆ, ಕಾಲ ಬಳಿಯ ಕಾರ್ಪೆಟ್ ಒದ್ದೆಯಾಗಿದ್ದರೆ ಬೆರಳಲ್ಲಿ ಉಜ್ಜಿ ನೋಡಿ. ಜಿಗುಟಾಗಿ, ಸಿಹಿ ವಾಸನೆ ಬಂದರೆ ಅದು ಎಂಜಿನ್ ತಣಿಸುವ ಕೂಲಂಟ್, ಅಂದರೆ ಕೋರ್ ಸೋರಿದೆ. ಬರಿಯ ನೀರಾದರೆ ಕಾಯಿಲ್ ಕೆಳಗಿನ ಡ್ರೈನ್ ಪೈಪ್ ಕಟ್ಟಿದೆ, ಇಲ್ಲವೇ ಮಳೆನೀರು ಇಳಿದಿದೆ.

ಕಾಯಿಲ್ ಬಿಚ್ಚುವ ಮೊದಲು ಹಳೆಯ ಗ್ಯಾಸನ್ನು ಯಂತ್ರದಿಂದ ಸಿಲಿಂಡರಿಗೆ ಎಳೆಸಿ, ಗಾಳಿಗೆ ಬಿಡಬೇಡಿ. ಸೋರಿಕೆ ನೋಡಲು ನೈಟ್ರೋಜನ್ ತುಂಬಿ ನೀರಿನಲ್ಲಿ ಮುಳುಗಿಸಬೇಕು. ಆಕ್ಸಿಜನ್ ಯಾವ ಕಾರಣಕ್ಕೂ ಬೇಡ, ಎಣ್ಣೆ ಸೇರಿದರೆ ಸ್ಫೋಟದ ಅಪಾಯ. ಜೋಡಿಸುವಾಗ ಓ-ರಿಂಗ್ (ರಬ್ಬರ್ ಉಂಗುರ), ತೇವ ಹೀರುವ ಡ್ರೈಯರ್ ಹೊಸದೇ ಇರಲಿ.

ಇನ್ನು ಬೆಂಗಳೂರಿನ ಕಲಿಕೆಯವರು ಎಡವುವ ಜಾಗಕ್ಕೆ ಬರೋಣ. ಹೊಸ ಗ್ಯಾಸ್ ತುಂಬುವ ಮೊದಲು ಒಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯಬೇಕು; ಈ ವ್ಯಾಕ್ಯೂಮ್ 29 ಇಂಚು ಮುಟ್ಟಲಿ ಎನ್ನುತ್ತವೆ ಕೈಪಿಡಿಗಳು. ಪಂಪ್ ಎಷ್ಟು ಹೊತ್ತು ಓಡಿಸಿದರೂ ಇಲ್ಲಿ ಮುಳ್ಳು 27ರ ಆಸುಪಾಸು ದಾಟುವುದಿಲ್ಲ. ಸೋರಿಕೆಯೆಂದು ಮತ್ತೆ ಎಲ್ಲ ಬಿಚ್ಚಬೇಡಿ. ಸಾಮಾನ್ಯ ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗೆ ಎಷ್ಟು ಕಡಿಮೆ ಎಂಬುದನ್ನು. ಸಮುದ್ರಮಟ್ಟದಲ್ಲಿ ಆ ಒತ್ತಡ 29.92 ಇಂಚು ಪಾದರಸ. ಸುಮಾರು 920 ಮೀಟರ್ ಎತ್ತರದ ನಮ್ಮೂರಿನಲ್ಲಿ ಸುಮಾರು 27. ಇದಕ್ಕಿಂತ ಹೆಚ್ಚು ಎಳೆಯಲು ಒಳಗೆ ಏನೂ ಉಳಿದಿರುವುದಿಲ್ಲ. ಅದೇ ಪಂಪ್, ಅದೇ ಗೇಜ್ ಮಂಗಳೂರಿನಲ್ಲಿ 29 ದಾಟುತ್ತವೆ. ಒಳಗಿನ ತೇವ 25 ಡಿಗ್ರಿಯಲ್ಲಿ ಕುದಿದು ಹೊರಹೋಗಲು ಒಳಗಿನ ಒತ್ತಡ ಒಂದು ಇಂಚಿಗಿಂತ ಕೆಳಗಿಳಿಯಬೇಕು. ಅಂದರೆ ಇಲ್ಲಿನ ಗೇಜ್‌ನಲ್ಲಿ 26ರ ಮೇಲೆ. ಒಳಗಿನ ಒತ್ತಡವನ್ನೇ ನೇರವಾಗಿ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ ಊರಿನ ಎತ್ತರದ ಚಿಂತೆಯಿಲ್ಲ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಅಲ್ಲಾಡದೆ ನಿಲ್ಲುತ್ತದೆಯೇ ಎಂಬುದೇ ಸೋರಿಕೆಯ ಪರೀಕ್ಷೆ.

ಗ್ಯಾಸ್ ತುಂಬುವ ಸರದಿ ಈಗ. ಓಝೋನ್ ಪದರ ಉಳಿಸಲು ಆದ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಳೆಯ ಎಸಿ ಗ್ಯಾಸ್ ಆರ್-12 ಹಿಂದೆ ಸರಿದು ಆರ್-134ಎ ಬಂತು. ಕಂಪ್ರೆಸರಿನ ಹಳೆಯ ಮಿನರಲ್ ಎಣ್ಣೆ ಹೊಸ ಗ್ಯಾಸಿನೊಂದಿಗೆ ಬೆರೆತು ಹರಿಯುವುದಿಲ್ಲ; ಅದನ್ನು ತೊಳೆದು ತೆಗೆದು ಎಸ್ಟರ್ ಎಣ್ಣೆ ಹಾಕಬೇಕು. ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಿರುವ ಆರ್-12ರ ತೂಕದ ಶೇ. 80ರಿಂದ 90ರಷ್ಟು ಆರ್-134ಎ ಸಾಕು. ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟೇ ತುಂಬಿ.